ಕೊನೆಯ ಮಾತಿನ ಸರದಿ

ಮಾರ್ಚ್ 3

ಕಾರ್ಯದರ್ಶಿಗೆ,

ಈ ಕಾಗದ ಅಂಚೆಯಲ್ಲಿ ಬಂದದ್ದನ್ನು ನೋಡಿ ನಗಬೇಡ. ನೀನು ಮಹಡಿಯ ಮೇಲೆ, ನಾನು ಕೆಳಗೆ, ನಡುವೆ ಬರೀ ಮೆಟ್ಟಿಲು. ಆದರೂ ಅಂಚೆ ಚೀಟಿ ಅಂಟಿಸಿ, ಬೀದಿಯ ತುದಿಯವರೆಗೆ ನಡೆದು, ಡಬ್ಬಕ್ಕೆ ಹಾಕಿ ಬರುತ್ತೇನೆ. ಮನೆಯೊಳಗೆ ಸಂಸ್ಥೆಯ ಮಾತು ಬೇಡ ಎಂಬುದು ನೀನು ಸೊಸೆಯಾಗಿ ಬಂದ ದಿನ ನಾನೇ ಹಾಕಿದ ನಿಯಮ. ಹಾಕಿದವಳೇ ಅದನ್ನು ಮುರಿಯಬಾರದು. ನನ್ನ ಮಗನ ಕೈಯಲ್ಲಿ ಹೇಳಿ ಕಳಿಸೋಣವೆಂದರೆ ಅವನು ಬೆಳಿಗ್ಗೆಯೇ ಕೈ ತೊಳೆದುಕೊಂಡ. "ದಿನವಿಡೀ ಜನರ ಬಾಯಿ ನೋಡೋದೇ ನನ್ನ ಕೆಲಸ. ಮನೇಲೂ ಅದೇ ಬೇಡಮ್ಮ" ಎಂದ. ಹಲ್ಲಿನ ಡಾಕ್ಟರಿಗೆ ಅಷ್ಟಾದರೂ ಜಾಣತನ ಬಂದಿದೆ.

ನಿನ್ನೆ ಸಭೆಯಲ್ಲಿ ನೀನು ಎದ್ದು ನಿಂತು ಎರಡು ನಿರ್ಣಯ ಓದಿದೆ. ಅಧ್ಯಕ್ಷೆ ಎರಡು ಅವಧಿಗಿಂತ ಹೆಚ್ಚು ಕಾಲ ಇರಕೂಡದು. ಒಂದೇ ಮನೆಯ ಇಬ್ಬರು ಸಮಿತಿಯಲ್ಲಿ ಇರಕೂಡದು. ಓದುವಾಗ ನೀನು ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಹಿಂದಿನ ದಿನ ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ದೆ, ಉಪ್ಪು ಕೇಳಿದರೆ ಉಪ್ಪು ಕೊಟ್ಟಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತನ್ನು ನಾನು ಇಷ್ಟು ದಿನ ಕೇಳಿದ್ದೆನೇ ಹೊರತು ನೋಡಿರಲಿಲ್ಲ.

ವಿಜ್ಞಾನದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಗಲಿ ಎಂದು ಈ ಸಂಸ್ಥೆ ಕಟ್ಟಿದಾಗ ನಾವು ಐದು ಜನ ಇದ್ದೆವು. ಅವತ್ತೇ ಒಂದು ಪದ್ಧತಿ ಮಾಡಿದೆ. ಕೊನೆಗೆ ಸೇರಿದವಳು ಮೊದಲು ಮಾತಾಡಬೇಕು, ಮೊದಲು ಸೇರಿದವಳು ಕೊನೆಗೆ. ಬೇರೆ ಕಡೆಯೆಲ್ಲ ದೊಡ್ಡವರು ಮಾತಾಡಿ ಮುಗಿಸುವ ಹೊತ್ತಿಗೆ ಚಿಕ್ಕವರ ಬಾಯಿಗೆ ಬೀಗ ಬಿದ್ದಿರುತ್ತದೆ. ನನಗೂ ಬಿದ್ದಿತ್ತು. ಆ ಪದ್ಧತಿ ಇಲ್ಲದಿದ್ದರೆ ನಿನ್ನೆ ನನಗಿಂತ ಮೊದಲು ಬಾಯಿ ಬಿಡಲು ನಿನಗೆ ಆಗುತ್ತಿತ್ತೇ ಎಂದು ಯೋಚಿಸು. ನನ್ನ ಸರದಿ ಬಂದಾಗ ನಾನು ರೇಗಲಿಲ್ಲ. ಜೂನ್‌ನ ಸರ್ವಸದಸ್ಯರ ಸಭೆಯವರೆಗೆ ಕಾಯೋಣ ಎಂದೆ. ತಾಳಿದವನು ಬಾಳಿಯಾನು.

ನಿರ್ಣಯ ಹಿಂದಕ್ಕೆ ತೆಗೆದುಕೊ.

ಇಂತಿ,
ಅಧ್ಯಕ್ಷೆ, ನಿನ್ನ ಅತ್ತೆಯೂ ಹೌದು


ಮಾರ್ಚ್ 9

ಅಧ್ಯಕ್ಷರಿಗೆ,

ನಿಮ್ಮ ಪತ್ರ ತಲುಪಿತು. ಅಂಚೆಯವನು ಅದನ್ನು ನಿಮ್ಮ ಕೈಗೇ ಕೊಟ್ಟ. ನೀವು ನಿಮ್ಮದೇ ಅಕ್ಷರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಟ್ಟಿಲ ಮೇಲಿಟ್ಟು ಒಳಗೆ ಹೋದದ್ದನ್ನು ಮೇಲಿನಿಂದ ನೋಡಿದೆ. ನಗಬೇಡ ಎಂದು ಬರೆದಿದ್ದಿರಿ. ನಕ್ಕೆ.

ಉಪ್ಪು ಕೊಟ್ಟವಳು ಸೊಸೆ, ನಿರ್ಣಯ ಓದಿದವಳು ಕಾರ್ಯದರ್ಶಿ. ನಾನು ಮೊದಲು ನಿಮ್ಮ ವಿದ್ಯಾರ್ಥಿನಿ, ಆಮೇಲೆ ಸಂಸ್ಥೆಯ ಕೆಲಸಕ್ಕೆ ಬಂದವಳು, ನಿಮ್ಮ ಮಗನನ್ನು ಮದುವೆಯಾದದ್ದು ಎಲ್ಲಕ್ಕಿಂತ ಕೊನೆಗೆ. ಆದರೆ ಈ ಕ್ರಮ ಹೊರಗಿನವರಿಗೆ ಬೇಕಿಲ್ಲ. ಅತ್ತೆ ಅಧ್ಯಕ್ಷೆ, ಸೊಸೆ ಕಾರ್ಯದರ್ಶಿ, ಇದೇನು ಸಂಸ್ಥೆಯೋ ಸಂಸಾರವೋ ಎಂದು ಕೇಳುತ್ತಾರೆ. ನನಗೆ ನಾಚಿಕೆಯಾಗುತ್ತದೆ.

ನಿಜವಾದ ಕಾರಣ ಅದಲ್ಲ. ಅದು ನಿಮಗೂ ಗೊತ್ತು. ಪಾಚಿಯ ಮೇಲೆ ಸಂಶೋಧನೆ ಮಾಡುವುದರಿಂದ ನಾವೆಲ್ಲ ಪಾಚಿ ಎಂದೇ ಕರೆಯುವ ಹುಡುಗಿ ಜನವರಿಯಲ್ಲಿ ಸಮಿತಿಯ ಮುಂದೆ ಬಂದು ಕೂತಿದ್ದಳು. ಹೆರಿಗೆ ಮುಗಿಸಿ ಪ್ರಯೋಗಾಲಯಕ್ಕೆ ವಾಪಸು ಹೋದರೆ ಅವಳ ಮೇಜಿನಲ್ಲಿ ಬೇರೆಯವನು ಕೂತಿದ್ದ. ಅವಳು ವರ್ಷಗಟ್ಟಲೆ ಸಾಕಿದ ಪಾಚಿಯ ತಳಿಗಳಿಗೆ ದೀಪ ಆರಿಸಿ, ಸೀಸೆಗಳನ್ನು ತೊಳೆದು ಒರಗಿಸಿ ಇಟ್ಟಿದ್ದರು. ತಳಿಗಳು ಹೋಗಿದ್ದವು. ಮುಖ್ಯಸ್ಥರನ್ನು ಕೇಳಿದರೆ "ನೀನು ಬರ್ತೀಯೋ ಇಲ್ವೋ ಅಂತ ಯಾರಿಗೆ ಗೊತ್ತಿತ್ತು" ಎಂದರಂತೆ. ವಿಚಾರಣೆ ನಡೆಸಿ ಎಂದು ಸಂಸ್ಥೆ ಬಹಿರಂಗವಾಗಿ ಕೇಳಬೇಕು, ಅವಳ ಮೇಜು ವಾಪಸು ಕೊಡಿಸಬೇಕು ಎಂದು ಅವಳು ಬೇಡಿಕೊಂಡಳು. ಆ ಮುಖ್ಯಸ್ಥರು ನಮ್ಮ ದೊಡ್ಡ ಕನ್ನಡಕದವರೇ, ನಮಗೆ ಸಭೆ ನಡೆಸಲು ಕೋಣೆ ಕೊಡುವವರೇ ಎಂದು ಗೊತ್ತಿದ್ದೂ ಸಮಿತಿಯಲ್ಲಿ ಒಬ್ಬೊಬ್ಬರೂ ಹೌದು ಎಂದೆವು. ಆಮೇಲೆ ನಿಮ್ಮ ಸರದಿ ಬಂತು. "ಸ್ವಲ್ಪ ಕಾಯೋಣ" ಎಂದಿರಿ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ನಿಮ್ಮ ಪದ್ಧತಿಯ ಗುಟ್ಟು ನನಗೆ ಅವತ್ತು ಅರ್ಥವಾಯಿತು. ಚಿಕ್ಕವರಿಗೆ ಮೊದಲ ಮಾತು ಕೊಟ್ಟು ಕೊನೆಯ ಮಾತನ್ನು ನೀವು ಇಟ್ಟುಕೊಂಡಿದ್ದೀರಿ. ಮೊದಲ ಮಾತನ್ನು ಯಾರೂ ಮನೆಗೆ ಒಯ್ಯುವುದಿಲ್ಲ.

ಗಾದೆಯ ವಿಷಯ. ತಾಳಿದವನು ಬಾಳಿಯಾನು ಎಂದಿದೆ. ತಾಳಿದವಳು ಬಾಳಿಯಾಳು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

ನಿರ್ಣಯ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕಾರ್ಯದರ್ಶಿ


ಮಾರ್ಚ್ 15

ಮಾನ್ಯ ಕಾರ್ಯದರ್ಶಿಯವರೇ,

ಇನ್ನು ಮೇಲೆ ಕಾಗದದಲ್ಲಿ ನಿಮ್ಮನ್ನು ನೀವು ಎಂದೇ ಬರೆಯುತ್ತೇನೆ. ನೀನು ಎನ್ನಲು ಒಂದಿಷ್ಟು ಸಲಿಗೆ ಬೇಕು. ಅದು ನಿಮ್ಮ ಕಾಗದ ಓದಿದ ಮೇಲೆ ಉಳಿದಿಲ್ಲ. ಊಟದ ಮೇಜಿನಲ್ಲಿ ನೀನು ಎಂದರೆ ಬೇರೆ ಅರ್ಥ ಮಾಡಿಕೊಳ್ಳಬೇಡಿ, ಅದು ಬಾಯಿಯ ಅಭ್ಯಾಸ ಅಷ್ಟೇ.

ಗಾದೆಯ ವ್ಯಾಕರಣ ತಿದ್ದಿದ್ದಕ್ಕೆ ಸಂತೋಷ. ನಿಮ್ಮ ಪ್ರಬಂಧವನ್ನು ಸಾಲು ಸಾಲಾಗಿ ತಿದ್ದಿದವಳು ನಾನು ಎಂಬುದೂ ನೆನಪಿರಲಿ. ನಾನು ಹರಳು ಬೆಳೆಸುವ ವಿದ್ಯೆಯವಳು. ದ್ರಾವಣವನ್ನು ಅಲುಗಾಡದ ಕಡೆ ಇಟ್ಟು, ನೀರು ತಾನಾಗಿ ಆರುವವರೆಗೆ ಕೈ ಕಟ್ಟಿ ಕೂರಬೇಕು. ಅವಸರ ಮಾಡಿದರೆ ಹರಳು ಬರುವುದಿಲ್ಲ, ಪುಡಿ ಬರುತ್ತದೆ. ಇದನ್ನು ನಿಮಗೆ ಕಲಿಸಿದೆ ಎಂದುಕೊಂಡಿದ್ದೆ. ನಿಮಗೆ ಬಂದದ್ದು ಪುಡಿ ಮಾಡುವುದು ಮಾತ್ರ.

ದೊಡ್ಡ ಕನ್ನಡಕದವರು ನನಗೆ ಮಾವನ ಮಗನೂ ಅಲ್ಲ, ಸ್ನೇಹಿತರೂ ಅಲ್ಲ. ಅವರ ಪ್ರಯೋಗಾಲಯದಲ್ಲಿ ಪ್ರತಿ ಬೇಸಿಗೆಯಲ್ಲೂ ನಮ್ಮ ನಲವತ್ತು ಹುಡುಗಿಯರು ಕೆಲಸ ಕಲಿಯುತ್ತಾರೆ. ಸೂಕ್ಷ್ಮದರ್ಶಕವನ್ನು ಚಿತ್ರದಲ್ಲಿ ಮಾತ್ರ ನೋಡಿದವರು ಅಲ್ಲಿ ಕಣ್ಣಿಟ್ಟು ನೋಡುತ್ತಾರೆ. ಒಬ್ಬಳ ಮೇಜಿಗಾಗಿ ನಲವತ್ತು ಜನರ ಬಾಗಿಲು ಮುಚ್ಚಿಸಲೇ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಧ್ಯಕ್ಷೆಯ ಕೆಲಸ ಎಂದರೆ ಅದು. ಎದ್ದು ನಿಂತು ನಿರ್ಣಯ ಓದುವುದಲ್ಲ.

ಜೂನ್‌ನಲ್ಲಿ ನೋಡೋಣ. ನಾನೂ ಕೈ ಕಟ್ಟಿ ಕೂತಿಲ್ಲ.

ಅಧ್ಯಕ್ಷೆ


ಏಪ್ರಿಲ್ 22

ಅಧ್ಯಕ್ಷರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ತಿಂಗಳ ಮೇಲಾಯಿತು, ಕೆಳಗೆ ಬಂದು ಊಟ ಮಾಡಿ ಮೇಲೆ ಹೋಗುತ್ತಿದ್ದೇನೆ. ನೀವು ಹವಾಮಾನದ ಬಗ್ಗೆ ಮಾತಾಡುತ್ತೀರಿ, ನಾನು ನೀರಿನ ಒತ್ತಡದ ಬಗ್ಗೆ. ನಿಮ್ಮ ಮಗ ಮಾತ್ರ ಹೊಟ್ಟೆ ತುಂಬ ತಿನ್ನುತ್ತಾನೆ.

ನಿನ್ನೆ ಮಧ್ಯಾಹ್ನ ಪಾಚಿ ಬಂದಿದ್ದಳು. ಕಂಕುಳಲ್ಲಿ ಮಗು, ಬಿಸಿಲು. ನಾನು ಕಚೇರಿಯಲ್ಲಿದ್ದೆ. ನೀವು ಗೇಟಿನ ತನಕ ಬಂದಿರಂತೆ. ಅವಳು ನಿಮ್ಮ ಹತ್ತಿರ ಎರಡು ಮಾತಾಡಬೇಕು ಎಂದಾಗ ನೀವು "ಮನೇಲಿ ಸಂಸ್ಥೆ ಮಾತಿಲ್ಲ" ಎಂದು ಹೇಳಿ ಒಳಗೆ ಹೋದಿರಂತೆ. ಬೈದರಾ ಎಂದು ಆಮೇಲೆ ಅವಳನ್ನು ಕೇಳಿದೆ. ಇಲ್ಲ, ತುಂಬ ಮರ್ಯಾದೆಯಿಂದ ಹೇಳಿದರು ಎಂದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಕೇಳಿದ್ದೆ. ಸೊಸೆಯ ಮೇಲಿನ ಕೋಪವನ್ನು ಕೈಕೂಸಿನವಳ ಮೇಲೆ ತೀರಿಸಿಕೊಂಡವರನ್ನು ಈಗ ನೋಡಿದೆ.

ನಿಮ್ಮ ಮೇಲೆ ನನಗೆ ಇಷ್ಟು ದಿನ ಸಿಟ್ಟಿತ್ತು. ಈಗ ಅಸಹ್ಯವಾಗಿದೆ. ಇದನ್ನು ಬರೆಯುವಾಗ ಎರಡು ಸಲ ಯೋಚಿಸಲಿಲ್ಲ ಎಂಬುದೇ ನನಗೆ ಬೇಸರದ ವಿಷಯ.

ಕಾದು ಕೂತರೆ ಹರಳು ಬೆಳೆಯುತ್ತದೆ, ಸರಿ. ಪಾಚಿಗೆ ದಿನವೂ ಬೆಳಕು ಬೇಕು, ಆಗಾಗ ಹೊಸ ನೀರು ಬೇಕು. ಕಾಯಲು ಹೇಳಿದರೆ ಅದು ಸಾಯುತ್ತದೆ. ಎಲ್ಲರನ್ನೂ ಹರಳು ಎಂದುಕೊಂಡದ್ದೇ ನಿಮ್ಮ ಆಡಳಿತ.

ನಿರ್ಣಯಕ್ಕೆ ಬೇಕಾದಷ್ಟು ಸಹಿ ಬಿದ್ದಿವೆ.

ಕಾರ್ಯದರ್ಶಿ


ಜೂನ್ 21

ಮಾನ್ಯರೇ,

ಅಭಿನಂದನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ಗಾದೆಯಲ್ಲಾದರೂ ಇಬ್ಬರೂ ಹೆಂಗಸರೇ ಇದ್ದಾರೆ, ನಿಮಗೆ ತಿದ್ದುವ ಕೆಲಸವಿಲ್ಲ.

ನಿನ್ನೆ ಸಭೆಯಲ್ಲಿ ನನ್ನ ಸರದಿ ಕೊನೆಗೇ ಬಂತು. ಇಷ್ಟು ವರ್ಷ ನಡೆದುಕೊಂಡು ಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಬದಲಾಯಿಸುವುದು ಬೇಡ, ಇನ್ನೊಂದು ವರ್ಷ ಕಾಯೋಣ ಎಂದೆ. ಹೇಳಿ ಮುಗಿಸಿ ಸುತ್ತ ನೋಡಿದೆ. ಯಾರೂ ತಲೆಯಾಡಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಮೇಲೆ ನಿಮ್ಮ ನಿರ್ಣಯಗಳಿಗೆ ಕೈಗಳು ಎದ್ದವು, ಎಣಿಸುವ ಕಷ್ಟವನ್ನೂ ನೀವು ತೆಗೆದುಕೊಳ್ಳಬೇಕಾಗಲಿಲ್ಲ. ನನ್ನ ಕೈ ಹಿಡಿದು ಪ್ರಯೋಗಾಲಯಕ್ಕೆ ಬಂದ ಹುಡುಗಿಯರ ಕೈಗಳೂ ಅವುಗಳಲ್ಲಿ ಇದ್ದವು. ಎದೆಗೆ ಒದ್ದ ಹಾಗಾಯಿತು. ಬರೆಯಬಾರದು ಎಂದುಕೊಂಡಿದ್ದೆ, ಬರೆದಿದ್ದೇನೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಮೀಸೆಯೂ ಇಲ್ಲ. ಆದ್ದರಿಂದ ಅಧ್ಯಕ್ಷೆಯ ಸ್ಥಾನದ ಜೊತೆಗೆ ಸಂಸ್ಥೆಯ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟಿದ್ದೇನೆ. ಮೊದಲನೆಯ ಸದಸ್ಯೆ ಇನ್ನು ಸದಸ್ಯೆಯಲ್ಲ. ನನ್ನ ಜೊತೆ ಕಟ್ಟಿದ ಉಳಿದ ನಾಲ್ವರೂ ನನ್ನ ಹಿಂದೆಯೇ ಹೊರಟಿದ್ದಾರೆ. ಅವರನ್ನು ನಾನು ಕರೆಯಲಿಲ್ಲ.

ಸಂಸ್ಥೆಯ ಬೀರುವಿನ ಬೀಗದ ಕೈ ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಊಟಕ್ಕೆ ಬಂದಾಗ ತೆಗೆದುಕೊಳ್ಳಿ. ಮಾತು ಬೇಡ.

ಸಹಿ ಹಾಕಲು ಈಗ ಹುದ್ದೆ ಇಲ್ಲ


ಜುಲೈ 18

ಅತ್ತೆಯವರಿಗೆ,

ಅಧ್ಯಕ್ಷರಿಗೆ ಎಂದು ಬರೆದು ಹೊಡೆದು ಹಾಕಿದೆ. ಈಗ ಅದು ನಾನೇ ಆಗಿದ್ದೇನೆ. ಎರಡನೆಯ ನಿರ್ಣಯಕ್ಕೆ ಈಗ ಕೆಲಸವಿಲ್ಲ, ಮನೆಯಿಂದ ಒಬ್ಬಳೇ ಇದ್ದೇನೆ.

ಸಂಸ್ಥೆ ಕಟ್ಟಿದ ಐವರಿಗೂ ಒಂದು ಸನ್ಮಾನ ಮಾಡಬೇಕೆಂದು ಸಮಿತಿ ಬಯಸಿದೆ. ದಯವಿಟ್ಟು ಬನ್ನಿ. ನಮ್ಮಿಬ್ಬರ ನಡುವೆ ಏನಿದ್ದರೂ ನೀವು ಕಟ್ಟಿದ್ದು ನೀವು ಕಟ್ಟಿದ್ದೇ. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ಸಭೆಯ ದುಂಡು ಮೇಜಿನಲ್ಲಿ ಕಿಟಕಿಯ ಪಕ್ಕದ ನಿಮ್ಮ ಕುರ್ಚಿಯಲ್ಲಿ ನೀವು ಹೋದ ಮೇಲೆ ಯಾರೂ ಕೂರುತ್ತಿರಲಿಲ್ಲ. ಮೊದಲ ಸಭೆ ಹಾಗೇ ಮುಗಿಯಿತು. ಎರಡನೆಯ ಸಭೆಯಲ್ಲಿ ಜಾಗ ಸಾಲದೆ ನಾನೇ ಕೂತೆ.

ಸೊಸೆ


ಆಗಸ್ಟ್ 2

ಅಧ್ಯಕ್ಷರಿಗೆ,

ಬದುಕಿರುವವಳಿಗೆ ಹಾರ ಹಾಕಬೇಡಿ, ಸೆಕೆಯಾಗುತ್ತದೆ. ಸನ್ಮಾನಕ್ಕೆ ಬರುವುದಿಲ್ಲ. ಹೊಡೆದವರೇ ಬಂದು ಎಣ್ಣೆ ಹಚ್ಚುವುದು ನನಗೆ ಹಿಡಿಸುವುದಿಲ್ಲ.

ಐವರೂ ಹೊರಗೆ ಹೋದ ಮೇಲೆ ಉಳಿದವರಲ್ಲಿ ಮೊದಲು ಸೇರಿದವಳು ಯಾರು ಎಂದು ಲೆಕ್ಕ ಹಾಕಿದಿರಾ? ನಾನು ಹಾಕಿದೆ. ಪದ್ಧತಿಯನ್ನು ನೀವು ಬದಲಾಯಿಸಿಲ್ಲ ಎಂದು ಕೇಳಿದೆ. ಕಿಟಕಿಯ ಕುರ್ಚಿಯ ಜೊತೆ ಕೊನೆಯ ಮಾತೂ ನಿಮಗೆ ಬಂದಿದೆ.

ಪಾಚಿಯ ವಿಷಯ ಏನಾಯಿತು?

ಅತ್ತೆ


ಅಕ್ಟೋಬರ್ 29

ಅಧ್ಯಕ್ಷರಿಗೆ,

ನನ್ನ ಒಂದು ಸಾಲಿನ ಪ್ರಶ್ನೆಗೆ ಉತ್ತರ ಬರಲಿಲ್ಲ. ಈಗ ಬಂತು. ನೀವು ಕೊಡಲಿಲ್ಲ, ಪಾಚಿ ಕೊಟ್ಟಳು.

ಅವಳು ಈ ಸಲ ಗೇಟಿನ ಹೊರಗೇ ನಿಂತು, ಒಳಗೆ ಬರುವುದಿಲ್ಲ, ಸಂಸ್ಥೆಯ ಮಾತೂ ಆಡುವುದಿಲ್ಲ, ನಿಮ್ಮ ಅಡುಗೆಮನೆಯ ಕಿಟಕಿಗೆ ಬೆಳಿಗ್ಗೆ ಚೆನ್ನಾಗಿ ಬೆಳಕು ಬೀಳುತ್ತದೆಯಲ್ಲವೇ ಎಂದು ಕೇಳಿದಳು. ಇದೇನು ಹುಚ್ಚು ಎಂದುಕೊಂಡೆ. ಅವಳು ಚೀಲದಿಂದ ಒಂದು ಸೀಸೆ ತೆಗೆದಳು. ಊರ ಹೊರಗಿನ ಕೆರೆಗೆ ಹೋಗಿ, ಮೊದಲು ತಂದಿದ್ದ ಕಡೆಯಿಂದಲೇ ಪಾಚಿ ತಂದು, ಮೊದಲಿನಿಂದ ಶುರು ಮಾಡಿದ್ದಾಳೆ. ಅವಳ ಮನೆ ಒಂದೇ ಕೋಣೆ, ಅದಕ್ಕೆ ಕಿಟಕಿ ಇರುವುದು ಪಕ್ಕದ ಗೋಡೆಯ ಕಡೆಗೆ. ಮಗು ಅಳತೊಡಗಿತು. ಒಳಗೆ ಬಾ ಎಂದೆ. ಮಗುವಿಗೆ ಹಾಲು ಕುಡಿಸುತ್ತ ಅವಳು ಎಲ್ಲ ಹೇಳಿದಳು. ನಿಯಮ ಮುರಿಯಲಿಲ್ಲ, ನಾನು ಈಗ ಸಂಸ್ಥೆಯವಳಲ್ಲವಲ್ಲ.

ಸೆಪ್ಟೆಂಬರ್ ಸಭೆಯಲ್ಲಿ ಅವಳ ವಿಷಯ ಮತ್ತೆ ಬಂತಂತೆ. ಹೊಸ ಸದಸ್ಯೆಯರು ಒಬ್ಬೊಬ್ಬರೂ ವಿಚಾರಣೆ ಕೇಳೋಣ ಎಂದರಂತೆ. ಕೊನೆಗೆ ಕಿಟಕಿಯ ಪಕ್ಕದಲ್ಲಿ ಕೂತವರ ಸರದಿ. "'ಸ್ವಲ್ಪ ಕಾಯೋಣ' ಅಂದ್ರು ಮೇಡಂ. ಥೇಟ್ ನಿಮ್ಮ ಥರಾನೇ ಅಂದ್ರು" ಎಂದಳು. ಅವಳು ಎದ್ದು ಇನ್ನೊಂದು ಮಾತಾಡಲು ಹೋದಾಗ, ನಿನ್ನ ಸರದಿ ಮುಗಿದಿದೆ ಎಂದು ನೀವು ಕೂರಿಸಿದಿರಂತೆ. ಅಷ್ಟನ್ನು ನಾನೂ ಮಾಡಿರಲಿಲ್ಲ.

ನಾನು ನಕ್ಕೆ. ಸುಳ್ಳು ಏಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಅವಳು ನಗಲಿಲ್ಲ. ಸೀಸೆಯನ್ನು ದಿನಾ ಒಂದು ಸಲ ಅಲುಗಾಡಿಸಬೇಕು, ಮರೆಯಬೇಡಿ ಎಂದು ಹೇಳಿ ಮಗುವನ್ನು ಎತ್ತಿಕೊಂಡು ಹೋದಳು. ಜೀವಮಾನವೆಲ್ಲ ಅಲುಗಾಡಿಸಬೇಡಿ ಎಂದು ವಿದ್ಯಾರ್ಥಿಗಳ ಮೇಲೆ ಕೂಗಾಡಿದವಳು ನಾನು. ಈಗ ಬೆಳಿಗ್ಗೆ ಕಾಫಿಗೆ ನೀರಿಟ್ಟು, ಸೀಸೆ ಅಲುಗಾಡಿಸುತ್ತೇನೆ.

ಅತ್ತೆ


ನವೆಂಬರ್ 5

ಅತ್ತೆಯವರಿಗೆ,

ಕಿಟಕಿಯಲ್ಲಿ ಹಸಿರು ನೀರಿನ ಸೀಸೆ ಕಂಡಾಗಿನಿಂದ ಅದೇನೆಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ. ನಿಮ್ಮ ಮಗ ಕೇಳಿದಾಗ ನೀವು "ಶರಬತ್ತಲ್ಲ, ಕುಡೀಬೇಡ" ಎಂದಿರಿ.

ನಿಮ್ಮ ಹೊಟ್ಟೆ ತಣ್ಣಗಾದದ್ದಕ್ಕೆ ನನ್ನ ಧನ್ಯವಾದ. ಈಗ ನನ್ನ ಮಾತು ಕೇಳಿ. ಸೆಪ್ಟೆಂಬರ್ ಸಭೆಯ ಹಿಂದಿನ ವಾರ ದೊಡ್ಡ ಕನ್ನಡಕದವರು ನನ್ನನ್ನು ಕರೆಸಿದರು. ಕುರ್ಚಿ ಎಳೆದು ಕೂರಿಸಿದರು. ಹೊಸ ವರ್ಷದಲ್ಲಿ ಎರಡು ಕಾಯಂ ಹುದ್ದೆಗಳನ್ನು ಹೆಣ್ಣುಮಕ್ಕಳಿಗೇ ಕೊಡುತ್ತಾರಂತೆ. ಇಷ್ಟು ವರ್ಷದಲ್ಲಿ ಅಲ್ಲಿ ಒಬ್ಬಳಿಗೂ ಕಾಯಂ ಆಗಿಲ್ಲ ಎಂಬುದು ನಿಮಗೇ ಗೊತ್ತು. ಬೇಸಿಗೆ ಶಿಬಿರ ಹಾಗೇ ಮುಂದುವರಿಯುತ್ತದೆ. ಪಾಚಿಯ ಹೆಸರನ್ನು ಅವರು ಎತ್ತಲೇ ಇಲ್ಲ. ಎತ್ತದೆಯೇ ನನಗೆ ಎಲ್ಲ ಅರ್ಥವಾಯಿತು. ಜನವರಿಯವರೆಗೆ ಸುಮ್ಮನಿದ್ದರೆ ಎರಡು ಹುದ್ದೆ ಬರುತ್ತವೆ. ನೀವೇ ಹೇಳಿ, ನೀವು ಏನು ಮಾಡುತ್ತಿದ್ದಿರಿ? ಹೇಳಬೇಡಿ, ಗೊತ್ತಿದೆ.

ಅವಳನ್ನು ಕೂರಿಸಿದ್ದು ನಿಜ. ಅವಳ ಮಾತು ಇನ್ನೊಂದು ಸಲ ಕೇಳಿದ್ದರೆ ನನ್ನ ಮಾತು ನಿಲ್ಲುತ್ತಿರಲಿಲ್ಲ. ಅದಕ್ಕೇ ಕೂರಿಸಿದೆ.

ನಿಮಗೂ ನನಗೂ ವ್ಯತ್ಯಾಸವಿಲ್ಲ ಎಂದು ಬರೆಯಲು ನಿಮ್ಮ ಕೈ ತುರಿಸುತ್ತಿರಬಹುದು. ವ್ಯತ್ಯಾಸವಿದೆ. ನಾನು ಜನವರಿಯವರೆಗೆ ಮಾತ್ರ ಕಾಯುತ್ತೇನೆ. ಅಲ್ಲದೆ ನಾನು ಮನೆಯ ಬಾಗಿಲಿಗೆ ಬಂದವರನ್ನು ಗೇಟಿನಿಂದ ಕಳಿಸಿಲ್ಲ. ಕಿಟಕಿಯಲ್ಲಿ ಒಂದು ಸೀಸೆ ಇಟ್ಟುಕೊಂಡ ಮಾತ್ರಕ್ಕೆ ನೀವು ಅವಳ ಪಕ್ಷದವರಾಗುವುದಿಲ್ಲ.

ಸದಸ್ಯರ ಸಭೆ ಕರೆಯಲೇಬೇಕು ಎಂದು ಅವಳು ಸಹಿ ಕೂಡಿಸಿದ್ದಾಳೆ. ಡಿಸೆಂಬರ್‌ನಲ್ಲಿ ನಡೆಯುತ್ತದೆ. ಅಲ್ಲಿಯೂ ಅದನ್ನೇ ಹೇಳುತ್ತೇನೆ.

ಅಧ್ಯಕ್ಷೆ


ನವೆಂಬರ್ 12

ಅಧ್ಯಕ್ಷರಿಗೆ,

ಈ ಲಕೋಟೆಯಲ್ಲಿ ಒಂದು ಅರ್ಜಿ ಇದೆ. ಹೊಸ ಸದಸ್ಯತ್ವಕ್ಕೆ. ಅರ್ಜಿದಾರಳು ನಾನು. ಸೂಚಿಸಿದವಳು ಪಾಚಿ. ಅನುಮೋದಿಸಿದವಳು ಮೊನ್ನೆ ಮೊನ್ನೆ ಸೇರಿದ ಹುಡುಗಿ, ಅವಳಿಗೆ ನಾನು ಯಾರೆಂದೇ ಗೊತ್ತಿಲ್ಲ, ವಯಸ್ಸಾದವರಿಗೂ ಆಸಕ್ತಿ ಇದೆಯಲ್ಲ ಎಂದು ಖುಷಿಪಟ್ಟು ಸಹಿ ಹಾಕಿದಳು. ವಿಜ್ಞಾನದಲ್ಲಿ ಕೆಲಸ ಮಾಡಿದ ಯಾರ ಅರ್ಜಿಯನ್ನೂ ತಿರಸ್ಕರಿಸುವಂತಿಲ್ಲ ಎಂದು ನಾನೇ ಬರೆದದ್ದು. ಒಂದೇ ಮನೆಯವರು ಇರಬಾರದು ಎಂಬ ನಿಮ್ಮ ನಿಯಮ ಸಮಿತಿಗೆ ಮಾತ್ರ, ಸದಸ್ಯರಿಗಲ್ಲ. ಅದನ್ನು ನೀವೇ ಬರೆದದ್ದು. ನಿಮ್ಮ ಸಹಿ ಒಂದು ಬಾಕಿ ಇದೆ. ಕಾಯೋಣ ಎನ್ನಬೇಡಿ.

ಇದರ ಅರ್ಥ ನಿಮಗೆ ಆಗಲೇ ಹೊಳೆದಿರುತ್ತದೆ. ಡಿಸೆಂಬರ್‌ನ ಸಭೆಯಲ್ಲಿ ಎಲ್ಲರಿಗಿಂತ ಹೊಸಬಳು ನಾನು. ಕೊನೆಗೆ ಸೇರಿದವಳು ಮೊದಲು ಮಾತಾಡಬೇಕು. ಸಂಸ್ಥೆ ಕಟ್ಟಿದಾಗಿನಿಂದ ನಾನು ಒಮ್ಮೆಯೂ ಮೊದಲು ಮಾತಾಡಿಲ್ಲ.

ನಾನು ತಪ್ಪು ಮಾಡಿದೆ ಎಂದು ಈ ಕಾಗದದಲ್ಲಿ ಹುಡುಕಬೇಡಿ. ಬರೆಯುವವಳಲ್ಲ, ಬರೆಸಿಕೊಳ್ಳಲು ಕಾಯಬೇಡಿ. ಪಾಚಿಯ ಮೇಲೆ ಪ್ರೀತಿ ಉಕ್ಕಿಯೂ ಬಂದಿಲ್ಲ. ಅವಳ ಸೀಸೆಯಿಂದ ಅಡುಗೆಮನೆಯಲ್ಲಿ ಕೆರೆಯ ವಾಸನೆ ಬರುತ್ತದೆ. ನಿಮ್ಮ ಮೇಲಿನ ಹಟಕ್ಕೇ ಬರುತ್ತಿದ್ದೇನೆ ಎಂದುಕೊಳ್ಳಿ, ಅರ್ಧ ನಿಜ. ಇನ್ನರ್ಧ ಇಷ್ಟು. ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಕೂತಾಗ ನನಗೆ ನಲವತ್ತು ಹುಡುಗಿಯರು ಕಾಣುತ್ತಿದ್ದರು, ಎದುರಿಗೆ ಕೂತ ಒಬ್ಬಳು ಕಾಣುತ್ತಿರಲಿಲ್ಲ. ಆ ನಲವತ್ತರಲ್ಲಿ ಒಬ್ಬಳಾಗಿ ಪಾಚಿಯೂ ಒಂದು ಬೇಸಿಗೆ ಬಂದಿದ್ದಳಂತೆ. ಮೊನ್ನೆ ಅವಳೇ ಹೇಳಿದಳು. ಅವಳಿಗೆ ಮೊದಲ ಸಲ ಸೂಕ್ಷ್ಮದರ್ಶಕ ತೋರಿಸಿದ್ದು ನಾನಂತೆ. ನನಗೆ ನೆನಪೇ ಇಲ್ಲ.

ಮೊದಲ ಮಾತು ನನ್ನದು. ಕೊನೆಯದು ನಿಮ್ಮದು. ಬನ್ನಿ.

ಅರ್ಜಿದಾರಳು


ಡಿಸೆಂಬರ್ 14

ಹೊಸ ಸದಸ್ಯೆಗೆ,

ನಿಮ್ಮ ಅರ್ಜಿಗೆ ಸಹಿ ಹಾಕುವ ಮೊದಲು ಒಂದು ವಾರ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ನಿಮ್ಮ ಮಗನಿಗೆ ಕಾಗದದ ಸದ್ದಿಗೆ ನಿದ್ದೆ ಬರಲಿಲ್ಲ. "ಹಾಕೋದಾದ್ರೆ ಹಾಕು, ಇಲ್ಲಾಂದ್ರೆ ಹರಿದು ಹಾಕು, ನನ್ನ ಮಲಗೋಕೆ ಬಿಡು" ಎಂದ. ನಮ್ಮಿಬ್ಬರ ಜಗಳದಲ್ಲಿ ಅವನು ಕೊಟ್ಟ ಒಂದೇ ಸಲಹೆ ಅದು. ಹಾಕಿದೆ.

ಕಳೆದ ವಾರದ ಸಭೆಯನ್ನು ನೀವೂ ನೋಡಿದ್ದೀರಿ. ಆದರೂ ಬರೆಯುತ್ತೇನೆ, ನೀವು ಕೂತ ಕಡೆಯಿಂದ ನನ್ನ ಮುಖ ಕಾಣುತ್ತಿರಲಿಲ್ಲ. ಬಾಗಿಲ ಹತ್ತಿರದ ಮಡಚುವ ಕುರ್ಚಿಯಲ್ಲಿ ಕೂತಿದ್ದಿರಿ, ಕೈಚೀಲ ತೊಡೆಯ ಮೇಲೆ, ಸಂದರ್ಶನಕ್ಕೆ ಬಂದವರ ಹಾಗೆ. ಮೊದಲ ಸರದಿ ಎಂದು ನಿಮ್ಮ ಕಡೆ ನೋಡಿದಾಗ ಕೆಲವರು ನಕ್ಕರು. ನೀವು ಎದ್ದು ನಿಂತಿರಿ. "ಈ ಹುಡುಗಿ ಕಾದಿದ್ದು ಸಾಕು. ವಿಚಾರಣೆ ಕೇಳಿ. ಇವತ್ತೇ ಕೇಳಿ" ಎಂದು ಕೂತಿರಿ. ಭಾಷಣ ಮಾಡುತ್ತೀರಿ ಎಂದುಕೊಂಡಿದ್ದೆ, ಉತ್ತರವನ್ನೂ ಸಿದ್ಧ ಮಾಡಿಕೊಂಡು ಬಂದಿದ್ದೆ. ಆ ಉತ್ತರ ನಿಮ್ಮ ಮೂರು ವಾಕ್ಯಕ್ಕೆ ಹೊಂದಲಿಲ್ಲ.

ಆಮೇಲೆ ಎಲ್ಲರೂ ಮಾತಾಡಿದರು. ನನ್ನ ಸರದಿ ಬಂತು. ಕಾಯೋಣ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದಾಗ ಎಲ್ಲರ ತಲೆಗಳೂ ಆಗಲೇ ಆಡಲು ಸಿದ್ಧವಾಗಿದ್ದವು, ನಾನು ಏನು ಹೇಳಿದರೂ ಆಡುತ್ತಿದ್ದವು. ನನಗೆ ನಿಜವಾಗಿ ಭಯವಾಯಿತು. ನೀವು ಇಷ್ಟು ವರ್ಷ ಆ ತಲೆಗಳನ್ನು ನೋಡಿಕೊಂಡು ಹೇಗೆ ಕೂತಿದ್ದಿರಿ? ಪಾಚಿ ಮಾತ್ರ ನನ್ನ ಕಡೆ ನೋಡುತ್ತಿರಲಿಲ್ಲ, ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು. ನನ್ನ ಸರದಿ ಅವಳಿಗೆ ಕೊಡುತ್ತೇನೆ, ಕೊನೆಯ ಮಾತು ಅವಳೇ ಹೇಳಲಿ ಎಂದೆ. ಅವಳು ತಲೆ ಎತ್ತಿ, "ನನ್ನ ಮೇಜು ನನಗೆ ಬೇಕು" ಎಂದಳು. ಅಷ್ಟೇ ಹೇಳಿದಳು. ಅದೇ ನಿರ್ಣಯವಾಯಿತು.

ಪತ್ರ ಮರುದಿನ ಬೆಳಿಗ್ಗೆಯೇ ಹೋಯಿತು, ಎಲ್ಲರ ಸಹಿಯೊಂದಿಗೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕನ್ನಡಕದವರ ಉತ್ತರ ಬಂತು. ಕೋಣೆ ದುರಸ್ತಿಯಲ್ಲಿದೆಯಂತೆ, ಇನ್ನು ಸಭೆಗೆ ಸಿಗುವುದಿಲ್ಲ. ಎರಡು ಹುದ್ದೆಗಳ ಮಾತು ಎತ್ತಿಲ್ಲ. ಬೇಸಿಗೆಯಲ್ಲಿ ನಲವತ್ತು ಹುಡುಗಿಯರನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ನನಗೆ ಗೊತ್ತಿಲ್ಲ. ನೀವು ಮಾರ್ಚ್‌ನಲ್ಲಿ ಬರೆದದ್ದು ಒಂದೂ ಸುಳ್ಳಾಗಲಿಲ್ಲ, ನಿಮ್ಮ ಮೇಲೆ ಅದಕ್ಕೂ ನನಗೆ ಸಿಟ್ಟಿದೆ. ವಿಚಾರಣಾ ಸಮಿತಿ ಮಾತ್ರ ಆಗುತ್ತದೆ, ಅಷ್ಟು ಸಹಿ ನೋಡಿದ ಮೇಲೆ ಅವರ ಆಡಳಿತ ಮಂಡಳಿಗೆ ತಪ್ಪಿಸಿಕೊಳ್ಳಲು ಆಗಲಿಲ್ಲ. ಪಾಚಿಯನ್ನು ವಿಚಾರಣೆಯ ಮೊದಲನೆಯ ದಿನವೇ ಕರೆದಿದ್ದಾರೆ.

ಮುಂದಿನ ಭಾನುವಾರ ಸಭೆ ಸೇರಲೇಬೇಕು. ಜಾಗವಿಲ್ಲ. ಎಲ್ಲ ಯೋಚಿಸಿದ ಮೇಲೆ ಇಷ್ಟು ಜನ ಹಿಡಿಸುವುದು ನಿಮ್ಮ ನಡುಮನೆ ಒಂದೇ ಎಂದು ಹೊಳೆದಿದೆ. ಮನೆಯೊಳಗೆ ಸಂಸ್ಥೆಯ ಮಾತಿಲ್ಲ ಎಂಬ ನಿಯಮ ನನಗೆ ನೆನಪಿದೆ. ಅದಕ್ಕೇ ಬಾಯಲ್ಲಿ ಕೇಳದೆ, ಚೀಟಿ ಅಂಟಿಸಿ, ಬೀದಿಯ ತುದಿಗೆ ಹೋಗಿ ಈ ಕಾಗದ ಹಾಕುತ್ತಿದ್ದೇನೆ. ಆಗುವುದಿಲ್ಲ ಎಂದರೆ ಹಾಗೇ ಬರೆಯಿರಿ. ನಾನು ಕಾಯುತ್ತೇನೆ.

ಸೊಸೆ


ಡಿಸೆಂಬರ್ 17. ಅಂಚೆ ಚೀಟಿ ಇಲ್ಲದೆ, ಮೆಟ್ಟಿಲ ಮೇಲೆ ಇಟ್ಟದ್ದು.

ನಿನಗೆ,

ನಡುಮನೆಯಲ್ಲಿ ಕುರ್ಚಿ ಸಾಲದು. ಮಹಡಿಯಲ್ಲಿರುವ ನಾಲ್ಕನ್ನೂ ಕೆಳಗೆ ತಾ. ಕಿಟಕಿಯ ಪಕ್ಕ ಯಾರೂ ಕೂರುವುದು ಬೇಡ, ಅಲ್ಲಿ ಪಾಚಿಯ ಸೀಸೆಗಳಿಗೆ ಜಾಗ ಮಾಡಿದ್ದೇನೆ. ಈಗ ಮೂರಾಗಿವೆ. ನನ್ನ ಮಗನಿಗೆ ಭಾನುವಾರ ಬೆಳಿಗ್ಗೆ ಎಲ್ಲಾದರೂ ಹೋಗಲು ಹೇಳು, ಇಲ್ಲವೇ ಕಾಫಿ ಹಂಚಲಿ.

ಇಷ್ಟಕ್ಕೇ ರಾಜಿಯಾಯಿತು ಎಂದುಕೊಳ್ಳಬೇಡ. ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಕುರ್ಚಿ ಇಳಿಸು.

ಅತ್ತೆ